ಭಾವನ ಹಾರ್ಮೋನಿಯಂ, ನನ್ನ ಲಿನಕ್ಸ್

ನನಗೊಂದು ಜಂಬವಿದೆ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ನೀವೇ ಕಂಡುಹಿಡಿದು ಮೂಗು ಮುರಿಯುವುದು ಬೇಡ. ಕೆಲವರಿಗೆ ತಮ್ಮ ಗದ್ದೆಯ ಭತ್ತದ ಮೇಲೆ ಜಂಬ, ಕೆಲವರಿಗೆ ಅಳಿಯನ ಹುದ್ದೆಯ ಮೇಲೆ. ನನ್ನದು ಹದಿಮೂರು ವರ್ಷದ ಒಂದು ಲ್ಯಾಪ್‌ಟಾಪಿನ ಮೇಲೆ. ಅದರ ಮುಚ್ಚಳದ ಒಂದು ಕೀಲು ಮುರಿದಿದೆ, 'ಳ' ಅಕ್ಷರದ ಗುಂಡಿ ಎರಡು ಸಲ ಒತ್ತಿದರೆ ಒಂದು ಸಲ ಕೇಳುತ್ತದೆ, ಬ್ಯಾಟರಿಯನ್ನು ನಾನೇ ಬಿಚ್ಚಿ ಬದಲಾಯಿಸಿದ್ದೇನೆ. ಅದರೊಳಗೆ ಲಿನಕ್ಸ್ ಎಂಬ ಬಿಟ್ಟಿ ಕಾರ್ಯವ್ಯವಸ್ಥೆ ಓಡುತ್ತದೆ. ಓಡುತ್ತದೆ ಎಂದರೆ ನಿಜವಾಗಿಯೂ ಓಡುತ್ತದೆ, ಕುಂಟುವುದಿಲ್ಲ.

ಲೆಕ್ಕದ ಪ್ರಕಾರ ಅದು ಐದನೆಯ ವರ್ಷಕ್ಕೇ ಮೂಲೆ ಸೇರಬೇಕಿತ್ತು. ಅಂಗಡಿಯಿಂದ ಬಂದಾಗ ಅದರಲ್ಲಿದ್ದ, ದುಡ್ಡು ಕೊಟ್ಟು ಕೊಂಡ ವ್ಯವಸ್ಥೆಗೆ ನನಗಿಂತ ಹೆಚ್ಚು ಸ್ವಾತಂತ್ರ್ಯವಿತ್ತು. ನಾನು ಯಾವುದೋ ಅರ್ಜಿ ತುಂಬಿಸುತ್ತ ಕೊನೆಯ ಪುಟಕ್ಕೆ ಬಂದಾಗಲೇ ಅದಕ್ಕೆ ಅಪ್‌ಡೇಟ್ ಎಂಬ ಹೆಸರಿನಲ್ಲಿ ತನ್ನನ್ನು ತಾನು ಉದ್ಧಾರ ಮಾಡಿಕೊಳ್ಳುವ ಮನಸ್ಸಾಗುತ್ತಿತ್ತು. ಪರದೆಯ ಮೇಲೊಂದು ಚಕ್ರ ಸುತ್ತುತ್ತಿತ್ತು. ನಾನು ಕೈಕಟ್ಟಿ ಕೂರುತ್ತಿದ್ದೆ. ಕೊನೆಗೊಂದು ಬೆಳಿಗ್ಗೆ ಅದು 'ನಿಮ್ಮ ಯಂತ್ರ ಹೊಸ ಆವೃತ್ತಿಗೆ ತಕ್ಕುದಲ್ಲ' ಎಂದಿತು. ನಾನು ಕೆಲಸ ಮಾಡುವುದು ಮಳವಳ್ಳಿ ಹತ್ತಿರದ ಬ್ಲಫ್‌ನ ವಿದ್ಯುದಾಗಾರದಲ್ಲಿ. ತಾತನ ಕಾಲದ ಯಂತ್ರಗಳನ್ನೂ ಎಣ್ಣೆ ಹಾಕಿ, ಒರೆಸಿ, ಮರ್ಯಾದೆಯಿಂದ ನೋಡುವುದನ್ನು ಕಲಿತವನು. ಐದು ವರ್ಷದ ಯಂತ್ರವನ್ನು ಮುದಿಯೆಂದು ಕರೆದಿದ್ದು ನನಗೆ ಮನೆಯವರನ್ನು ಬೈದಷ್ಟೇ ನೋವು ಕೊಟ್ಟಿತು. ಅವತ್ತೇ ಅದನ್ನು ಅಳಿಸಿ ಲಿನಕ್ಸ್ ಹಾಕಿದೆ.

ಲಿನಕ್ಸ್ ಹಾಕಿಕೊಂಡವರಲ್ಲೂ ಒಳಪಂಗಡಗಳಿವೆ ಎಂಬುದು ಆಮೇಲೆ ಗೊತ್ತಾಯಿತು. ನಮ್ಮ ಮಳವಳ್ಳಿ ಕಡೆ ಹೊಸಬರು ಸಿಕ್ಕಿದರೆ ಎರಡನೆಯ ಮಾತಿಗೇ "ನೀವು ಯಾರ ಪೈಕಿ?" ಎಂದು ಕೇಳುತ್ತಾರಲ್ಲ, ಹಾಗೆ ಇವರು "ಯಾವ ಡಿಸ್ಟ್ರೊ?" ಎಂದು ಕೇಳುತ್ತಾರೆ. ಲಿನಕ್ಸ್ ಎಂದರೆ ರಾಗಿ ಹಿಟ್ಟು ಎಂದುಕೊಳ್ಳಿ. ಡಿಸ್ಟ್ರೊ ಎಂದರೆ ಅದರಿಂದ ಒಬ್ಬೊಬ್ಬರು ಕಟ್ಟಿದ ಮುದ್ದೆ. ಉಬುಂಟು ಎಂಬುದು ಹೋಟೆಲಿನ ಮುದ್ದೆ. ದುಂಡಗೆ, ನುಣ್ಣಗೆ, ಎಲ್ಲರಿಗೂ ಒಂದೇ ಅಳತೆ. ಮಿಂಟ್ ಅದೇ ಮುದ್ದೆಗೆ ತುಪ್ಪ ಸವರಿದ್ದು. ಆರ್ಚ್ ಹಾಕಿಕೊಳ್ಳುವವರು ರಾಗಿಯನ್ನು ತಾವೇ ಬಿತ್ತಿ, ಕೊಯ್ದು, ಬೀಸಿಕೊಂಡು, ಕೊನೆಗೆ ಉಣ್ಣುವ ಹೊತ್ತಿಗೆ ಹಸಿವನ್ನೇ ಮರೆತಿರುತ್ತಾರೆ. ಆದರೆ ಬೀಸಿದ ಕಥೆಯನ್ನು ಮಾತ್ರ ಎಲ್ಲರಿಗೂ ಹೇಳುತ್ತಾರೆ. ನಾನು ಇವೆಲ್ಲವನ್ನೂ ಉಂಡು ಡೆಬಿಯನ್ನಿಗೆ ಬಂದು ನಿಂತವನು. ಹೊಸ ರುಚಿಯೇನಿಲ್ಲ, ಹೊಟ್ಟೆ ಕೆಡಿಸುವುದಿಲ್ಲ. ಐವತ್ತೇಳರ ವಯಸ್ಸಿಗೆ ಇನ್ನೇನು ಬೇಕು?

ಇದರ ಜೊತೆಗೆ ಇನ್ನೊಂದು ಗೀಳಿತ್ತು: ಸಂಗೀತದ ಸಾಫ್ಟ್‌ವೇರು. ನನಗೆ ಸಂಗೀತ ಬರುವುದಿಲ್ಲ. ಬಾರದವರಿಗೇ ಈ ಗೀಳು ಹೆಚ್ಚು ಎಂದು ನನ್ನ ಅನುಭವ. ಬರುವವರು ಹಾಡಿಕೊಂಡು ಹೋಗುತ್ತಾರೆ; ಬಾರದವರು ಹಾಡನ್ನು ರೆಕಾರ್ಡ್ ಮಾಡಿ, ಅಲೆಗಳ ಚಿತ್ರ ಬರೆಸಿ, ಅದನ್ನು ಹಿಗ್ಗಿಸಿ ಕುಗ್ಗಿಸಿ ನೋಡುತ್ತಾರೆ. ಒಮ್ಮೆ ನನ್ನ ಹೆಂಡತಿ ಸುಶೀಲ ಅಡುಗೆಮನೆಯಲ್ಲಿ ಗುನುಗುತ್ತಿದ್ದುದನ್ನು ಹಿಡಿದು, ಯಾವ ಸ್ವರ ಎಲ್ಲಿ ಜಾರಿತೆಂದು ಗೆರೆ ಎಳೆದು ತೋರಿಸಿದೆ. ಆಮೇಲೆ ಆರು ತಿಂಗಳು ನಮ್ಮ ಅಡುಗೆಮನೆಯಲ್ಲಿ ಕುಕ್ಕರ್ ಬಿಟ್ಟರೆ ಬೇರೆ ಯಾವುದೂ ಹಾಡಲಿಲ್ಲ.

ಸಂಗೀತ ನಿಜವಾಗಿ ಬರುತ್ತಿದ್ದದ್ದು ಸುಶೀಲಳ ಅಣ್ಣನಿಗೆ, ಎಂದರೆ ನನ್ನ ಭಾವ ಶಿವಲಿಂಗಯ್ಯನವರಿಗೆ. ಅವರ ಊರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಸುತ್ತಲ ಹತ್ತಾರು ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಯುವವರಿಗೆಲ್ಲ ಅವರೇ ಹಾರ್ಮೋನಿಯಂ ಮೇಷ್ಟ್ರು. ಕಬ್ಬು ಕಡಿದು ಬಂದವರ, ಬಸ್ಸು ಓಡಿಸಿ ಬಂದವರ, ಪಂಚಾಯಿತಿ ಆಫೀಸಿನಿಂದ ಬಂದವರ ಒರಟು ಗಂಟಲುಗಳನ್ನು ಮೂವತ್ತು ವರ್ಷ ತಿದ್ದಿದವರು. ಹೋದ ವರ್ಷ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಜೀವ ಉಳಿಯಿತು, ಮಾತು ಉಳಿಯಿತು, ನಡಿಗೆಯೂ ಕೋಲಿನ ಆಸರೆಯಲ್ಲಿ ಮರಳಿತು. ಎಡಗೈ ಮಾತ್ರ ಮರಳಲಿಲ್ಲ.

ಹಾರ್ಮೋನಿಯಂ ನುಡಿಸುವುದನ್ನು ನೀವು ನೋಡಿದ್ದರೆ ಎಡಗೈ ಎಂದರೇನೆಂದು ಗೊತ್ತಿರುತ್ತದೆ. ಬಲಗೈ ಸ್ವರ ಹಿಡಿಯುತ್ತದೆ. ಎಡಗೈ ಹಿಂದಿನ ತಿದಿಯನ್ನು ಒತ್ತಿ ಗಾಳಿ ತುಂಬುತ್ತದೆ. ಎಡಗೈ ನಿಂತರೆ ಪೆಟ್ಟಿಗೆಗೆ ಉಸಿರಿಲ್ಲ. ಭಾವನ ಹೆಂಡತಿ ಜವರಮ್ಮ ತಾವೇ ಪಕ್ಕದಲ್ಲಿ ಕೂತು ತಿದಿ ಒತ್ತಿ ನೋಡಿದರಂತೆ. ಭಾವ ಎರಡು ದಿನ ನುಡಿಸಿ, ಮೂರನೆಯ ದಿನ ಪೆಟ್ಟಿಗೆಗೆ ಬಟ್ಟೆ ಹೊದಿಸಿಬಿಟ್ಟರಂತೆ. ನಾವು ನೋಡಲು ಹೋದಾಗ ಏಕೆಂದು ಕೇಳಿದೆ.

"ಉಸ್ರು ಅವಳ್ದು, ಬೆಳ್ಳು ನಂದು. ಹಾಡು ಯಾರ್ದು ಬಾವ?" ಎಂದರು. ಅವರಿಗೂ ನಾನು ಭಾವನೇ.

ಅದೇ ದಿನ ನಾಟಕದ ತಂಡದ ಪುಟ್ಟಸ್ವಾಮಿ ಬಂದಿದ್ದ. ಮದ್ದೂರು-ಮಳವಳ್ಳಿ ಬಸ್ಸಿನ ಕಂಡಕ್ಟರು. ತಂಡದಲ್ಲಿ ರಾಜನ ಪಾರ್ಟು. ಹೊರಡುವಾಗ ಅಂಗಳದಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, "ಮೇಷ್ಟ್ರಿಗೆ ಎಂಗೇಳದೋ ಗೊತ್ತಾಯ್ತಿಲ್ಲ ಸಾರ್. ನಾಟ್ಕ ಎಲ್ಡ್ ತಿಂಗ್ಳೈತೆ. ಮಂಡ್ಯದಿಂದ ಕೀಬೋರ್ಡ್‌ನೋರ್ನ ಕೇಳಿವ್ನಿ. ಬೇಜಾರ್ ಮಾಡ್ಕಬ್ಯಾಡಿ ಅಂತ ನೀವೇ ಒಂದ್ಮಾತೇಳಿ" ಎಂದ. ಅವನ ತಪ್ಪೇನಿರಲಿಲ್ಲ. ಆದರೆ ಬಾಗಿಲಲ್ಲಿ ಕೋಲು ಹಿಡಿದು ನಿಂತಿದ್ದ ಭಾವನಿಗೆ ಅದು ಕೇಳಿಸಿತ್ತು. ಅವರ ಕಿವಿಯನ್ನು ತಪ್ಪಿಸುವುದು ಸುಲಭವಲ್ಲ. ಕೋಲೂರುತ್ತ ಒಳಗೆ ಹೋದರು.

ಬಸ್ಸಿನಲ್ಲಿ ವಾಪಸು ಬರುವಾಗ ಸುಶೀಲ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು. ಮಳವಳ್ಳಿ ಹತ್ತಿರ ಬಂದಾಗ ತಿರುಗಿ ನನ್ನನ್ನು ನೋಡಿದಳು. "ದಿನಾ ಆ ಡಬ್ಬ ಕುಟ್ಟುತಾ ಕೂತಿರ್ತೀರಲ್ಲ, ಅದ್ರಲ್ಲಿ ನಮ್ಮಣ್ಣುಂಗೇನೂ ಮಾಡಕಾಗಲ್ವಾ?"

ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳು ನನ್ನ ಲಿನಕ್ಸಿಗೆ ಕೊಟ್ಟ ಮೊದಲ ಕೆಲಸ ಅದು.

ನನ್ನ ಯೋಚನೆ ಇಷ್ಟು. ಭಾವನ ಹಾರ್ಮೋನಿಯಮ್ಮಿನ ಮೂವತ್ತೇಳು ಕೀಗಳ ಧ್ವನಿಯನ್ನೂ ಬೇರೆಬೇರೆಯಾಗಿ ರೆಕಾರ್ಡ್ ಮಾಡಿ ಲ್ಯಾಪ್‌ಟಾಪಿಗೆ ತುಂಬುವುದು. ಅದಕ್ಕೆ ಸಂಗೀತದವರು ಬಳಸುವ ಒಂದು ಸಣ್ಣ ಕೀಬೋರ್ಡ್ ಸಿಕ್ಕಿಸುವುದು. ಭಾವ ಬಲಗೈಯಲ್ಲಿ ಅದರ ಕೀ ಒತ್ತಿದರೆ ಅವರದೇ ಪೆಟ್ಟಿಗೆಯ ಸ್ವರ ಕೇಳಬೇಕು. ಅಂಗಡಿಯ ಕೀಬೋರ್ಡುಗಳಲ್ಲೂ ಹಾರ್ಮೋನಿಯಮ್ಮೆಂಬ ಒಂದು ಧ್ವನಿ ಇರುತ್ತದೆ. ಭಾವನಿಗೆ ಅದನ್ನು ಕೇಳಿಸಿದಾಗ ಅವರು "ಇದಕ್ಕೆ ನೆಗಡಿ ಆಗೈತೆ" ಎಂದಿದ್ದರು. ಇನ್ನು ತಿದಿಯ ಬದಲಿಗೆ? ಭಾವನ ಬಲಗಾಲು ಗಟ್ಟಿಯಾಗಿತ್ತು. ಹಳೆಯ ರೇಡಿಯೊದ ಸದ್ದು ಏರಿಸುವ ತಿರುಪನ್ನು ಕಿತ್ತು, ಬಾಗಿಲ ಕೀಲು ಜೋಡಿಸಿದ ಎರಡು ಹಲಗೆಗಳ ನಡುವೆ ಕೂರಿಸಿದೆ. ಪಾದ ಒತ್ತಿದಷ್ಟೂ ಸ್ವರ ತುಂಬುತ್ತದೆ, ಬಿಟ್ಟರೆ ಇಳಿಯುತ್ತದೆ. ಇದನ್ನು ಮಾಡಿದ ದಿನ ವಿದ್ಯುದಾಗಾರದಲ್ಲಿ ಸಹೋದ್ಯೋಗಿಗಳಿಗೆಲ್ಲ ತೋರಿಸಿ ಬಂದೆ. ಒಬ್ಬರು ಅದನ್ನು ಇಲಿಬೋನು ಎಂದುಕೊಂಡರು.

ರೆಕಾರ್ಡ್ ಮಾಡಲು ನಿಶ್ಶಬ್ದ ಬೇಕು. ಕೊಕ್ಕರೆ ಬೆಳ್ಳೂರಿನಲ್ಲಿ, ಅದೂ ಮಾರ್ಚ್ ತಿಂಗಳಿನಲ್ಲಿ, ನಿಶ್ಶಬ್ದ ಹುಡುಕಲು ಹೊರಟ ಮೊದಲ ಮನುಷ್ಯ ನಾನೇ ಇರಬೇಕು. ಮನೆಯ ಮುಂದಿನ ಹುಣಸೆಮರದ ತುಂಬ ಕೊಕ್ಕರೆ, ಹೆಜ್ಜಾರ್ಲೆಗಳ ಗೂಡು. ಮರಿಗಳು ಹಸಿದು ಕಿರುಚುತ್ತವೆ, ದೊಡ್ಡವು ಕೊಕ್ಕಿಗೆ ಕೊಕ್ಕು ತಾಗಿಸಿ ಕಟಕಟ ಮಾಡುತ್ತವೆ. ಓಡಿಸುವ ಹಾಗಿಲ್ಲ, ಆ ಊರಿನವರಿಗೆ ಅವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ನಡುಮನೆಯ ಕಿಟಕಿಗಳಿಗೆ ರಗ್ಗು ಹೊದಿಸಿ, ಗೋಡೆಗೆ ರಾಗಿ ಮೂಟೆಗಳನ್ನು ಒರಗಿಸಿದೆವು. ಫ್ಯಾನು ನಿಲ್ಲಿಸಿದೆವು. ಫ್ರಿಜ್ಜಿನ ಗುಂಯ್‌ಗುಡುವಿಕೆ ಮೈಕಿಗೆ ಸಿಕ್ಕಿತೆಂದು ಅದನ್ನೂ ನಿಲ್ಲಿಸಿದೆ. ಸಂಜೆ ಮತ್ತೆ ಹಾಕುವುದನ್ನು ಮರೆತು ಅವರ ಮನೆಯ ಎರಡು ಲೀಟರ್ ಹಾಲು ಕೆಡಿಸಿದೆ.

ಜವರಮ್ಮ ತಿದಿ ಒತ್ತಿದರು, ಭಾವ ಒಂದೊಂದೇ ಕೀಯನ್ನು ಹಿಡಿದು ಕೂತರು, ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬೆರಳೆತ್ತಿ ಸನ್ನೆ ಮಾಡಿದೆ. ಒಂದು ಸ್ವರಕ್ಕೆ ಹತ್ತು ಸೆಕೆಂಡು, ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ. ಮೂರೂ ಜನ ಬೆವರಿನಲ್ಲಿ ತೊಯ್ದುಹೋದೆವು. ಮೇಲಿನ ಒಂದು ಕೀ ಮಾತ್ರ ಎಷ್ಟು ಸಲ ಹಿಡಿದರೂ ಸರಿಯಾಗಿ ಅದೇ ಗಳಿಗೆಗೆ ಒಂದು ಮರಿ ಕಿರುಚುತ್ತಿತ್ತು. ಐದನೆಯ ಸಲಕ್ಕೆ ನಾನು ತಲೆ ಚಚ್ಚಿಕೊಂಡೆ.

"ಇರ್ಲಿ ಬುಡಣ್ಣ," ಎಂದರು ಜವರಮ್ಮ ತಿದಿಯಿಂದ ಕೈ ತೆಗೆಯದೆ, "ಅದೂ ನಮ್ಮೂರ್ದೇ ಅಲ್ವಾ."

ಅದು ಹಾಗೆಯೇ ಉಳಿಯಿತು. ಈಗಲೂ ಆ ಕೀ ಒತ್ತಿದರೆ ದೂರದಲ್ಲಿ ಒಂದು ಕೊಕ್ಕರೆ ಮರಿ ಊಟ ಕೇಳುತ್ತದೆ.

ಮನೆಗೆ ಬಂದು ಎಲ್ಲವನ್ನೂ ಕತ್ತರಿಸಿ ಜೋಡಿಸಿದೆ. ಮುಂದಿನ ವಾರ ಲ್ಯಾಪ್‌ಟಾಪು, ಮಂಡ್ಯದಲ್ಲಿ ಕೊಂಡ ಹಳೆಯ ಪುಟ್ಟ ಕೀಬೋರ್ಡು, ನನ್ನ ಇಲಿಬೋನು ಎಲ್ಲ ಹೊತ್ತು ಹೋಗಿ ಭಾವನ ಮುಂದೆ ಇಟ್ಟೆ. ಅವರು ಷಡ್ಜ ಒತ್ತಿದರು. ಅವರದೇ ಪೆಟ್ಟಿಗೆ ನುಡಿಯಿತು. ಜವರಮ್ಮ ಒಳಗಿನಿಂದ ಓಡಿಬಂದು ಬಟ್ಟೆ ಹೊದಿಸಿಟ್ಟಿದ್ದ ಪೆಟ್ಟಿಗೆಯ ಕಡೆಗೊಮ್ಮೆ, ಗಂಡನ ಕಡೆಗೊಮ್ಮೆ ನೋಡಿದರು. ನನ್ನ ಎದೆ ಹುಣಸೆಮರದಷ್ಟು ಅಗಲವಾಯಿತು. ಭಾವ ನಾಲ್ಕು ಸ್ವರ ಬೇಗಬೇಗ ನುಡಿಸಿ ಕೈ ನಿಲ್ಲಿಸಿದರು.

"ನಾನ್ ಒತ್ತುದ್ಮೇಲೆ ಇದು ವಸಿ ಯೋಚ್ನೆ ಮಾಡ್ತದೆ ಕಣ್ ಬಾವ."

ನನಗೇನೂ ಕೇಳಿಸಲಿಲ್ಲ. ಅಳೆದು ನೋಡಿದಾಗ ಗೊತ್ತಾಯಿತು: ಬೆರಳು ಒತ್ತುವುದಕ್ಕೂ ಸದ್ದು ಹೊರಡುವುದಕ್ಕೂ ನಡುವೆ ಒಂದು ಸೆಕೆಂಡನ್ನು ನೂರು ಪಾಲು ಮಾಡಿದರೆ ಅದರಲ್ಲಿ ನಾಲ್ಕು ಪಾಲಿನಷ್ಟು ತಡ. ಕಣ್ಣು ಮಿಟುಕಿಸಲೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಭಾವ ಅದನ್ನು ಕಿವಿಯಲ್ಲೇ ಹಿಡಿದಿದ್ದರು. ತಡ ಕಡಿಮೆ ಮಾಡಿದರೆ ಸದ್ದು ಬಾಣಲೆಯಲ್ಲಿ ಕಡಲೆ ಸಿಡಿದ ಹಾಗೆ ಪಟಪಟ ಒಡೆಯುತ್ತಿತ್ತು. ಪಟಪಟ ನಿಲ್ಲಿಸಿದರೆ ತಡವಾಗುತ್ತಿತ್ತು. ಇಪ್ಪತ್ತು ದಿನ ಇದೇ ಜಗಳ. ಲಿನಕ್ಸಿನ ತಿರುಳಿಗೆ ಕರ್ನಲ್ ಎನ್ನುತ್ತಾರೆ. ಸಂಗೀತಕ್ಕೆಂದೇ ಹದ ಮಾಡಿದ ಕರ್ನಲ್ಲೊಂದನ್ನು ಹಾಕಿದೆ. ಯಂತ್ರ ಪರದೆಯ ಹಿಂದೆ ಮಾಡುತ್ತಿದ್ದ ಬೇರೆ ಕೆಲಸಗಳನ್ನೆಲ್ಲ ಒಂದೊಂದಾಗಿ ಹುಡುಕಿ ನಿಲ್ಲಿಸಿದೆ. ಪ್ರಪಂಚದ ಯಾವ ಯಾವುದೋ ಮೂಲೆಯವರು ಬರೆದಿಟ್ಟ ಸಲಹೆಗಳನ್ನು ಓದಿದೆ. ಅವರಲ್ಲಿ ಅರ್ಧ ಜನ "ನಿಮ್ಮ ಡಿಸ್ಟ್ರೊ ಬದಲಾಯಿಸಿ" ಎಂದಿದ್ದರು. ಬದಲಾಯಿಸಲಿಲ್ಲ, ನಾನೂ ಈ ಜಿಲ್ಲೆಯವನೇ, ಹಟ ನನಗೂ ಇದೆ. ಒಂದು ಭಾನುವಾರ ಬೆಳಿಗ್ಗೆ, ವೈಫೈ ಆರಿಸಿದ ಕೂಡಲೇ, ಪಟಪಟವೂ ಇಲ್ಲ, ತಡವೂ ಇಲ್ಲ. ನಾನು ಕೂಗಿದ ಕೂಗಿಗೆ ಸುಶೀಲ ಸಾರಿನ ಸೌಟು ಹಿಡಿದೇ ಬಂದಳು.

ಈ ಇಪ್ಪತ್ತು ದಿನಗಳಲ್ಲೇ ನಾನು ಇನ್ನೊಂದು ಕೆಲಸವನ್ನೂ ಮಾಡಿದ್ದೆ. ಯಾರಿಗೂ ಹೇಳಿರಲಿಲ್ಲ. ಸ್ವರಗಳನ್ನು ಸಾಫ್ಟ್‌ವೇರಿನಲ್ಲಿ ಅಳೆದಾಗ ಭಾವನ ಪೆಟ್ಟಿಗೆಯ ಕೆಲವು ಸ್ವರಗಳು ಸರಿಯಾದ ಜಾಗದಲ್ಲಿ ಇರಲಿಲ್ಲ. ಗಾಂಧಾರವಂತೂ ಸಾಕಷ್ಟು ಕೆಳಗಿತ್ತು. ಪಾಪ, ಹಳೆಯ ಪೆಟ್ಟಿಗೆ, ತುಕ್ಕು ಹಿಡಿದಿರಬೇಕು ಎಂದುಕೊಂಡು ಎಲ್ಲವನ್ನೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಹಾಗೆ ತಿದ್ದಿಬಿಟ್ಟೆ. ಭಾವನಿಗೆ ನನ್ನದೊಂದು ಉಡುಗೊರೆ ಎಂದುಕೊಂಡಿದ್ದೆ.

ತಂಡದ ಅಭ್ಯಾಸ ಊರಿನ ಸಮುದಾಯ ಭವನದಲ್ಲಿ. ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಬಂದಿದ್ದರು. ಪುಟ್ಟಸ್ವಾಮಿ ಲ್ಯಾಪ್‌ಟಾಪಿನ ಮುರಿದ ಕೀಲನ್ನು ನೋಡಿ, ನನ್ನನ್ನು ನೋಡಿ, ಗಂಟಲು ಸರಿಮಾಡಿಕೊಂಡ. ಮಂಡ್ಯದವರಿಗೆ ಇನ್ನೂ ಬೇಡವೆಂದು ಹೇಳಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಭಾವ ಬಿಳಿ ಪಂಚೆ ಉಟ್ಟು, ಎಡಗೈಯನ್ನು ತೊಡೆಯ ಮೇಲೆ ಮಡಿಚಿಟ್ಟುಕೊಂಡು ಕುರ್ಚಿಯಲ್ಲಿ ಕೂತರು. ನಾನು ಸ್ಪೀಕರಿನ ಗುಂಡಿ ಒತ್ತಿದೆ. ಕರೆಂಟು ಹೋಯಿತು.

ಹಿಂದಿನಿಂದ ಯಾರೋ, "ಕರೆಂಟ್ ತಯಾರ್ ಮಾಡೋರೇ ಬಂದವ್ರೆ, ಕರೆಂಟೇ ಇಲ್ಲ ಕಣ್ಲಾ!" ಎಂದರು. ಎಲ್ಲರೂ ನಕ್ಕರು. ನಾನೂ ನಗಬೇಕಾಯಿತು. ಮುಕ್ಕಾಲು ಗಂಟೆ ನನ್ನ ಕೆಲಸದ ಬಗ್ಗೆ, ನನ್ನ ಇಲಾಖೆಯ ಬಗ್ಗೆ ತಮಾಷೆಗಳನ್ನು ಕೇಳುತ್ತ ಕೂತೆ. ಭಾವ ಮಾತ್ರ ನಗಲಿಲ್ಲ. ಬಲಗೈ ಬೆರಳುಗಳನ್ನು ಸದ್ದಿಲ್ಲದ ಕೀಗಳ ಮೇಲೆ ಆಡಿಸುತ್ತಲೇ ಇದ್ದರು.

ಕರೆಂಟು ಬಂತು. ಭಾವ ಶುರು ಮಾಡಿದರು. ಬೆರಳಿಗೂ ಸದ್ದಿಗೂ ಈಗ ಎಡೆಯೇ ಇರಲಿಲ್ಲ. ಪಾದ ಹಲಗೆಯನ್ನು ಒತ್ತಿದಂತೆ ಸ್ವರ ತುಂಬಿ ಬಂತು. ಜನ ಬೆನ್ನು ನೆಟ್ಟಗೆ ಮಾಡಿಕೊಂಡರು. ಪುಟ್ಟಸ್ವಾಮಿ ಹಾಡಿನ ಮೊದಲ ಸಾಲು ಎತ್ತಿದ, ಎರಡನೆಯ ಸಾಲಿಗೆ ಏರಿದ. ಅಲ್ಲಿ ಭಾವ ಕೈ ಎತ್ತಿಬಿಟ್ಟರು.

"ಇದು ನನ್ ಪೆಟ್ಗೆ ಅಲ್ಲ."

"ನಿಮ್ಮದೇ ಭಾವ, ನೀವೇ ಒಂದೊಂದೂ ಒತ್ತಿದ್ದು" ಎಂದೆ.

"ಸದ್ದು ನಂದೇಯ. ಗಾಂಧಾರ ನಂದಲ್ಲ. ಮ್ಯಾಕೋಗೈತೆ. ಯಾರ್ ಎತ್ತುದ್ರು?"

ಇಡೀ ಭವನ ನನ್ನನ್ನು ನೋಡಿತು. ನಾನೇ ತಿದ್ದಿದ್ದು, ಹಳೆಯದಾಗಿ ಇಳಿದುಹೋಗಿತ್ತು ಎಂದುಕೊಂಡೆ ಎಂದು ಹೇಳಿದೆ.

"ಇಳ್ದಿದ್ದಲ್ಲ ಬಾವ, ಇಳ್ಸಿದ್ದು. ಪೆಟ್ಗೆ ತಂದ್ ವರ್ಸ, ಬಿಚ್ಚಿ, ಅದ್ರೊಳ್ಗೆ ಸ್ವರ ನುಡ್ಸೋ ಇತ್ತಾಳೆ ನಾಲ್ಗೆ ಕೆರ್ದು ಕೆರ್ದು ನಾನೇ ಇಳ್ಸಿದ್ದು. ಕಂಪ್ನಿಯೋರು ಮಡ್ಗಿದ್ ಜಾಗ್ದಲ್ಲಿ ಅದು ನಮ್ಮೋರ್ ಗಂಟ್ಲಿಗೆ ಕೂರಕಿಲ್ಲ."

ನನ್ನ ಓದು ನನ್ನನ್ನು ಕೈಬಿಟ್ಟಿದ್ದು ಅಲ್ಲಿ. ಈಗಿನ ವಾದ್ಯಗಳಲ್ಲಿ ಸ್ವರಗಳ ನಡುವಿನ ದೂರವನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ. ಯಾವ ಕೀಯಿಂದ ಶುರು ಮಾಡಿದರೂ ಹಾಡು ಕೂರಲಿ ಎಂದು ಮಾಡಿಕೊಂಡ ಒಪ್ಪಂದ ಅದು. ಆ ಒಪ್ಪಂದದಲ್ಲಿ ಗಾಂಧಾರ ತನ್ನ ಸಹಜವಾದ ಜಾಗಕ್ಕಿಂತ ಒಂದಿಷ್ಟು ಮೇಲೆ ಹೋಗಿಬಿಡುತ್ತದೆ. ಇದನ್ನೆಲ್ಲ ನಾನು ಓದಿದ್ದೆ. ಓದಿದ್ದರೂ, ಸಾಫ್ಟ್‌ವೇರು ಕೆಂಪು ಬಣ್ಣದಲ್ಲಿ 'ತಪ್ಪು' ಎಂದು ತೋರಿಸಿದ ತಕ್ಷಣ ನಂಬಿದ್ದೆ. ಭಾವ ಓದಿರಲಿಲ್ಲ, ಕೇಳಿದ್ದರು.

ಹತ್ತು ನಿಮಿಷ ಕೊಡಿ ಎಂದು ಕೇಳಿಕೊಂಡು ನೆಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ನಾನು ಬಳಸಿದ ಸಾಫ್ಟ್‌ವೇರಿನ ಹೊಟ್ಟೆಯಲ್ಲಿ ಗುಟ್ಟೇನೂ ಇಲ್ಲ. ಎಲ್ಲವೂ ಸಾದಾ ಬರಹದ ಒಂದು ಪಟ್ಟಿ: ಈ ಕೀಗೆ ಈ ಧ್ವನಿ, ಇಷ್ಟು ಏರಿಸು, ಇಷ್ಟು ಇಳಿಸು. ಯಾರು ಬೇಕಾದರೂ ತೆರೆದು ಓದಬಹುದು, ಅಳಿಸಬಹುದು. ಅದಕ್ಕೇ ನನಗೆ ಲಿನಕ್ಸ್ ಕಂಡರೆ ಪ್ರೀತಿ. ಭಾವ ತಿರುಪುಳಿ ಹಿಡಿದು ಪೆಟ್ಟಿಗೆ ಬಿಚ್ಚಿದ ಹಾಗೆ ನಾನೂ ಅದನ್ನು ಬಿಚ್ಚಿದೆ; ನಾನು 'ಸರಿ' ಮಾಡಿದ್ದ ಮೂವತ್ತೇಳು ಅಂಕಿಗಳನ್ನೂ ಒಂದೊಂದಾಗಿ ಅಳಿಸಿದೆ. ಜೀವನದಲ್ಲಿ ತಪ್ಪು ಮಾಡಿದ್ದೇನೆ, ಆದರೆ ಅದನ್ನು ಸಾಲುಸಾಲಾಗಿ ನೋಡಿ ಅಳಿಸುವ ಅವಕಾಶ ಅಪರೂಪಕ್ಕೆ ಸಿಗುತ್ತದೆ.

ಭಾವ ಮತ್ತೆ ಕೈ ಇಟ್ಟರು. ಪುಟ್ಟಸ್ವಾಮಿ ಅದೇ ಸಾಲಿಗೆ ಬಂದ. ಈ ಸಲ ಅವನ ದನಿ ಮೇಲಕ್ಕೆ ತಡಕಾಡಲಿಲ್ಲ. ಹೋಗಿ ಅಲ್ಲಿ ಕೂತಿತು. ಕೂತಿದ್ದು ನನಗೂ ತಿಳಿಯಿತು, ಸಂಗೀತ ಬಾರದ ನನಗೂ. ಭಾವನ ಕಣ್ಣು ಮುಚ್ಚಿತ್ತು, ಪಾದ ಉಸಿರಾಡುತ್ತಿತ್ತು. ಹಾಡು ಮುಗಿದ ಮೇಲೆ ಭಾವ ಕಣ್ಣು ತೆರೆದು, "ಮೂರ್ನೇ ಸಾಲಲ್ಲಿ ಉಸ್ರು ಎಲ್ಬುಟ್ಟೆ? ಇನ್ನೊಂದ್ಸಲ ಏಳ್ಲಾ" ಎಂದರು, ಮೊದಲಿನ ಹಾಗೆ ಗದರುವ ದನಿಯಲ್ಲಿ. ಪುಟ್ಟಸ್ವಾಮಿಯ ಮುಖ ಅರಳಿತು. ಬೈಗುಳಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಕಂಡಿಲ್ಲ. ಅವನು ಬೇಗ ಹೊರಗೆ ಹೋಗಿ ಮಂಡ್ಯದವರಿಗೆ ಫೋನು ಮಾಡಿ ಬಂದ. ಸುಶೀಲ ಜವರಮ್ಮನವರ ಪಕ್ಕದಲ್ಲಿ ಕೂತಿದ್ದಳು. ಯಾರಿಗೋ, "ಅದ್ನ ಮಾಡಿದ್ದು ನಮ್ಮನೆಯವ್ರು" ಎಂದಿದ್ದು ಕೇಳಿಸಿತು. ಮೊದಲೇ ಒಪ್ಪಿಕೊಂಡಿದ್ದೇನಲ್ಲ, ನನಗೆ ಜಂಬವಿದೆ ಎಂದು. ಅವತ್ತು ಅದು ಹೊಟ್ಟೆ ತುಂಬ ಉಂಡಿತು.

ನಾಟಕ ಚೆನ್ನಾಗಿ ಆಯಿತು. ಅದಾಗಿ ಒಂದು ತಿಂಗಳಿಗೆ ನಾನು ಭಾವನ ಸ್ವರಗಳನ್ನು ಅಂತರ್ಜಾಲಕ್ಕೆ ಏರಿಸಲು ಕೂತೆ. ನಾನು ಪಡೆದದ್ದೆಲ್ಲ ಯಾರೋ ಬಿಟ್ಟಿ ಕೊಟ್ಟದ್ದು. ನಮ್ಮ ಕಡೆಯಿಂದಲೂ ಒಂದು ಹೋಗಲಿ ಎಂದು. ಭಾವನ ಒಪ್ಪಿಗೆ ಬೇಕಿತ್ತು. ದೂರದೇಶದವರು ಕೂಡ ಇಳಿಸಿಕೊಂಡು ನುಡಿಸಬಹುದು, ಬೇಕಾದ ಹಾಗೆ ಬದಲಾಯಿಸಿಕೊಳ್ಳಬಹುದು, ಯಾರೂ ಕಾಸು ಕೊಡಬೇಕಾಗಿಲ್ಲ ಎಂದು ವಿವರಿಸಿದೆ.

"ಕೊಡ್ರಿ ಬಾವ, ಎಲ್ಲಾರ್ಗೂ ಕೊಡಿ. ಆದ್ರೆ ಒಂದ್ಮಾತ್ ಬರೀರಿ. ಯಾರ್ ಬೇಕಾದ್ರೂ ಬಾರ್ಸ್ಲಿ, ಕಲ್ತು ಬಾರ್ಸ್ಲಿ."

ಸ್ವರಗಳ ಜೊತೆಗೆ ಏರಿಸಬೇಕಾದ ಬಳಕೆಯ ಪರವಾನಗಿಯ ಉದ್ದನೆಯ ಇಂಗ್ಲಿಷ್ ಕರಾರಿನ ಕೆಳಗೆ ಆ ಮಾತನ್ನು ಕನ್ನಡದಲ್ಲೇ ಸೇರಿಸಿದೆ. ಕಂಪ್ಯೂಟರ್ ಮುಟ್ಟಿದ ದಿನದಿಂದ ಇವತ್ತಿನವರೆಗೆ ಎಷ್ಟು ಕರಾರುಗಳಿಗೆ 'ಒಪ್ಪಿದೆ' ಎಂಬ ಗುಂಡಿ ಒತ್ತಿದ್ದೇನೋ ದೇವರಿಗೇ ಗೊತ್ತು, ಒಂದನ್ನೂ ಓದಿದವನಲ್ಲ. ಇದೊಂದನ್ನು ಕೊನೆಯ ಅಕ್ಷರದವರೆಗೆ ಓದಿ, ಒಪ್ಪಿ, ಒತ್ತಿದೆ.